ಕೊನೆಯ ಎರಡೂವರೆ ಸಾವಿರ ಅಡಿ

ಅಕ್ಕನ ಮಗ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರಬೇಕು ಅಂತ ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದಾನೆ. ಮನೆಯಲ್ಲಿ ಒಂದು ವಾರ ಇದೇ ಮಾತು. ಕೊನೆಗೆ ಅಕ್ಕ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. "ಅಷ್ಟು ಮೇಲಿಂದ ಬೇಡ. ಸ್ವಲ್ಪ ಕೆಳಗಿಂದ ಹಾರಿಸೋಕೆ ಹೇಳು" ಅಂದಳು.

ಅವಳು ಹೇಳಿದ್ದು ತಪ್ಪು. ಆದರೆ ಆ ತಪ್ಪಿನ ಹಿಂದೆ ನಮ್ಮೆಲ್ಲರ ಅನುಭವ ಇದೆ. ಜಗಲಿಯಿಂದ ಬಿದ್ದರೆ ಮಂಡಿ ತರಚುತ್ತದೆ. ಮಾವಿನ ಮರದಿಂದ ಬಿದ್ದರೆ ಕೈ ಮುರಿಯುತ್ತದೆ. ತೆಂಗಿನ ಮರದಿಂದ ಬಿದ್ದವರು ಉಳಿಯುವುದೇ ಕಷ್ಟ. ಹೀಗಾಗಿ ಎತ್ತರ ಹೆಚ್ಚಾದಂತೆ ಅಪಾಯ ಹೆಚ್ಚು ಅನ್ನುವುದು ಮೈಯಲ್ಲೇ ಕೂತುಬಿಟ್ಟಿದೆ. ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡವರಿಗೆ ಮಾತ್ರ ಈ ಲೆಕ್ಕ ತಲೆಕೆಳಗು. ಅವರ ಪಾಲಿಗೆ ಎತ್ತರ ಅಂದರೆ ಸಮಯ. ಕೈಯಲ್ಲಿ ಉಳಿದಿರುವ ಸೆಕೆಂಡುಗಳು.

ವಿಮಾನದಿಂದ ಹೊರಬಿದ್ದ ಮನುಷ್ಯನ ವೇಗ ಏರುತ್ತಲೇ ಹೋಗುವುದಿಲ್ಲ. ಹತ್ತು, ಹನ್ನೆರಡು ಸೆಕೆಂಡಿನಲ್ಲಿ ಅದು ಗಂಟೆಗೆ ಸುಮಾರು 190 ಕಿಲೋಮೀಟರ್ ಮುಟ್ಟುತ್ತದೆ. ಅಷ್ಟು ಹೊತ್ತಿಗೆ ಕೆಳಗಿನಿಂದ ತಳ್ಳುವ ಗಾಳಿ ಮೈಯ ಭಾರಕ್ಕೆ ಸಮನಾಗಿರುತ್ತದೆ. ಅಲ್ಲಿಂದ ಮುಂದೆ ವೇಗ ಹೆಚ್ಚುಕಮ್ಮಿ ಅಷ್ಟೇ. 13,000 ಅಡಿಯಿಂದ ಹಾರಿದವರೂ 4,000 ಅಡಿಯಿಂದ ಹಾರಿದವರೂ ಕೊನೆಗೆ ಒಂದೇ ವೇಗದಲ್ಲಿ ಬೀಳುತ್ತಿರುತ್ತಾರೆ. ಮೊದಲನೆಯವರ ಕೈಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ವ್ಯತ್ಯಾಸ ಅಷ್ಟೇ.

ಆ ವೇಗದಲ್ಲಿ 1,000 ಅಡಿ ದಾಟಲು ಐದೂವರೆ ಸೆಕೆಂಡ್ ಸಾಕು. ಜೋಗದಲ್ಲಿ ನಿಂತು ರಾಜಾ ಜಲಪಾತ ನೋಡಿದ್ದೀರಲ್ವಾ? ಅದರ ಎತ್ತರ 253 ಮೀಟರ್, ಅಂದರೆ 830 ಅಡಿ. ಸ್ಕೈಡೈವರ್ ಒಬ್ಬ ಆ ತುದಿಯ ಮಟ್ಟದಿಂದ ಬುಡದ ಮಟ್ಟಕ್ಕೆ ಬರಲು ಐದು ಸೆಕೆಂಡೂ ಬೇಕಿಲ್ಲ. ಕಿಸೆಯಿಂದ ಫೋನ್ ತೆಗೆದು ಯಾರ ಕರೆ ಅಂತ ನೋಡುವಷ್ಟು ಹೊತ್ತು.

ಈಗ ನನಗೆ ಬಹಳ ಇಷ್ಟವಾದ ಒಂದು ವಸ್ತುವಿನ ವಿಷಯ ಹೇಳುತ್ತೇನೆ. ಪ್ಯಾರಾಚೂಟ್ ಛತ್ರಿಯ ಹಾಗೆ ಟಪ್ ಅಂತ ಬಿಚ್ಚಿಕೊಳ್ಳುತ್ತದೆ ಅಂತ ಅನೇಕರು ಅಂದುಕೊಂಡಿದ್ದಾರೆ. ಹಾಗೆ ಬಿಚ್ಚಿಕೊಂಡರೆ ಕೆಳಗೆ ನೇತಾಡುವವನ ಗತಿ ಏನು? ಹಗ್ಗ ಕಟ್ಟಿದ ಬಿಂದಿಗೆಯನ್ನು ಬಾವಿಗೆ ಸುಮ್ನೆ ಬಿಟ್ಟು, ನಡುವೆ ಹಗ್ಗವನ್ನು ಗಬಕ್ಕನೆ ಹಿಡಿದರೆ ಏನಾಗುತ್ತದೋ ಅದೇ ಆಗುತ್ತದೆ. ಹಗ್ಗ ಕಿತ್ತುಹೋಗಬಹುದು, ಬಿಂದಿಗೆಯ ಕಂಠ ಕಳಚಬಹುದು, ಅಂಗೈ ಸುಲಿಯುವುದಂತೂ ಖಂಡಿತ. ಗಾಳಿಪಟ ಮಾಡುತ್ತಿದ್ದ ಡೊಮಿನಾ ಜಾಲ್ಬರ್ಟ್ 1964ರಲ್ಲಿ ಗಾಳಿ ತುಂಬಿಕೊಂಡು ರೆಕ್ಕೆಯಾಗುವ ಚೌಕ ಪ್ಯಾರಾಚೂಟಿನ ಕಲ್ಪನೆ ಕೊಟ್ಟ. ಅದು ಚೆನ್ನಾಗಿ ಹಾರುತ್ತಿತ್ತು. ಆದರೆ ಬಿಚ್ಚಿಕೊಳ್ಳುವಾಗ ಮೈ ಮುರಿಯುವ ಹಾಗೆ ಜಗ್ಗುತ್ತಿತ್ತು. ಆ ಜಗ್ಗಾಟವನ್ನು ಪಳಗಿಸಿದ್ದು ಸ್ಲೈಡರ್ ಅನ್ನುವ ಒಂದು ತುಂಡು ಬಟ್ಟೆ.

ಚೌಕಾಕಾರದ ಬಟ್ಟೆ, ನಾಲ್ಕು ಮೂಲೆಗೆ ನಾಲ್ಕು ಲೋಹದ ಉಂಗುರ. ಪ್ಯಾರಾಚೂಟಿನ ದಾರಗಳೆಲ್ಲ ನಾಲ್ಕು ಗುಂಪಾಗಿ ಆ ಉಂಗುರಗಳ ಒಳಗಿಂದ ಇಳಿಯುತ್ತವೆ. ಮಡಚುವಾಗ ಸ್ಲೈಡರನ್ನು ಮೇಲೆ, ಬಟ್ಟೆಯ ಬುಡಕ್ಕೆ ಒತ್ತಿ ಇಡುತ್ತಾರೆ. ಅಜ್ಜಿಯರ ಎಲೆ ಅಡಿಕೆ ಸಂಚಿ ನೆನಪಿಸಿಕೊಳ್ಳಿ. ದಾರ ಬಿಗಿದಷ್ಟು ಹೊತ್ತು ಬಾಯಿ ಮುಚ್ಚಿರುತ್ತದೆ, ಸಡಿಲ ಬಿಟ್ಟಷ್ಟೂ ಅಗಲವಾಗುತ್ತದೆ. ಅಥವಾ ಒಂದು ಟವೆಲನ್ನು ಬಳೆಯೊಳಗೆ ತೂರಿಸಿ. ಬಳೆ ಮೇಲಿದ್ದರೆ ಟವೆಲು ಮುದುಡಿರುತ್ತದೆ. ಬಳೆ ಕೆಳಗೆ ಜಾರಿದಂತೆ ಮೇಲೆ ಹರಡಿಕೊಳ್ಳುತ್ತದೆ. ಇಲ್ಲಿ ಬಳೆಯನ್ನು ಇಳಿಸುವ ಕೈ ಯಾವುದು? ಅರಳಲು ಒದ್ದಾಡುವ ಪ್ಯಾರಾಚೂಟೇ ದಾರಗಳನ್ನು ಅಗಲಿಸಿ ಉಂಗುರಗಳನ್ನು ಕೆಳಗೆ ನೂಕುತ್ತದೆ. ಬೀಳುವ ವೇಗದ ಗಾಳಿ ಸ್ಲೈಡರಿಗೆ ಬಡಿದು ಅದನ್ನು ಮೇಲೆಯೇ ತಡೆಯುತ್ತದೆ. ಹಗ್ಗ ಜಗ್ಗಾಟದ ಎರಡು ತಂಡ ಇದ್ದ ಹಾಗೆ. ವೇಗ ಜಾಸ್ತಿ ಇದ್ದಾಗ ಗಾಳಿಯ ತಂಡಕ್ಕೆ ಬಲ ಹೆಚ್ಚು, ಸ್ಲೈಡರ್ ಜಗ್ಗುವುದಿಲ್ಲ. ವೇಗ ಇಳಿದಂತೆ ಆ ತಂಡ ಸೋಲುತ್ತದೆ, ಸ್ಲೈಡರ್ ಜಾರುತ್ತದೆ, ಪ್ಯಾರಾಚೂಟ್ ಅರಳುತ್ತದೆ. ಎಷ್ಟು ಹೊತ್ತು ತಡೆಯಬೇಕು ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಬ್ಯಾಟರಿ ಇಲ್ಲ, ಸ್ಪ್ರಿಂಗ್ ಇಲ್ಲ. ಒಂದು ತುಂಡು ಬಟ್ಟೆ ಗಾಳಿಯನ್ನು ಅಳೆದು ತಾನೇ ತೀರ್ಮಾನ ಮಾಡುತ್ತದೆ! ಇದನ್ನು ಎಷ್ಟು ಸಲ ವಿವರಿಸಿದರೂ ನನಗೆ ಬೇಸರವಾಗಿಲ್ಲ.

ಆದರೆ ಈ ಮೆತ್ತನೆಯ ಅರಳುವಿಕೆಗೆ ಬೆಲೆ ಇದೆ. ಆ ಬೆಲೆಯನ್ನು ಎತ್ತರದಲ್ಲಿ ತೆರಬೇಕು. ಈಗಿನ ಕೆಲವು ಪ್ಯಾರಾಚೂಟುಗಳು ಪೂರ್ತಿ ಅರಳುವಷ್ಟರಲ್ಲಿ 800ರಿಂದ 1,000 ಅಡಿ ಕಳೆದಿರುತ್ತದೆ. ಒಂದು ಜೋಗ ಪೂರ್ತಿ ಖರ್ಚು!

ಸೇತುವೆ, ಬಂಡೆ, ಕಟ್ಟಡಗಳಿಂದ ಹಾರುವ ಬೇಸ್ ಜಂಪಿಂಗ್‌ನವರಿಗೆ ಅಷ್ಟು ಖರ್ಚು ಮಾಡಲು ಜಾಗವೇ ಇಲ್ಲ. ಅಮೆರಿಕದ ಐಡಾಹೋ ರಾಜ್ಯದ ಪೆರೀನ್ ಸೇತುವೆ ನದಿಯಿಂದ 486 ಅಡಿ ಎತ್ತರದಲ್ಲಿದೆ. ಅಲ್ಲಿ ಏನೂ ಮಾಡದೆ ಬಿದ್ದರೆ ಸುಮಾರು ಐದೂವರೆ ಸೆಕೆಂಡಿನಲ್ಲಿ ನೀರು ಸಿಗುತ್ತದೆ. ಇಂಥ ಕಡೆ ಅವರು ಸ್ಲೈಡರ್ ಬಳಸುವುದಿಲ್ಲ. ವೇಗ ಇನ್ನೂ ಕಡಿಮೆ ಇರುವುದರಿಂದ ಜಗ್ಗಾಟ ತಡೆದುಕೊಳ್ಳಬಹುದು. ಪ್ಯಾರಾಚೂಟನ್ನು ಚೀಲದಿಂದ ಎಳೆದು ತೆಗೆಯುವ ಪುಟ್ಟ ಪೈಲಟ್ ಚೂಟನ್ನು ದೊಡ್ಡದು ಮಾಡುತ್ತಾರೆ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೇಗ ಅರ್ಧವಾದರೆ ಎಳೆತ ಕಾಲು ಭಾಗ. ಅದನ್ನು ಅಗಲದಿಂದ ತುಂಬಿಸಬೇಕು. ಎರಡನೇ ಪ್ಯಾರಾಚೂಟ್ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೂ ಅದನ್ನು ಬಳಸಲು ಹೊತ್ತಿಲ್ಲ. ಇದನ್ನು ಧೈರ್ಯ ಅನ್ನಿ, ನಾನು ಬೇಡ ಅನ್ನುವುದಿಲ್ಲ. ಆದರೆ ಕೆಳಗಿನಿಂದ ಹಾರುವುದು ಸುಲಭ ಅಂತ ಮಾತ್ರ ಅನ್ನಬೇಡಿ.

ಎತ್ತರ ಸಾಲದೆ ಸತ್ತವರಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವನು ಫ್ರಾಂಜ್ ರೈಖೆಲ್ಟ್. ಪ್ಯಾರಿಸ್ಸಿನಲ್ಲಿ ದರ್ಜಿ. ತೊಟ್ಟುಕೊಳ್ಳುವ ಪ್ಯಾರಾಚೂಟ್ ಒಂದನ್ನು ಹೊಲಿದಿದ್ದ. ಬೊಂಬೆಗೆ ತೊಡಿಸಿ ಬೀಳಿಸಿದಾಗ ಸರಿಯಾಗಿ ತೆರೆದುಕೊಳ್ಳಲಿಲ್ಲ. ಎತ್ತರ ಸಾಲದು, ಅದಕ್ಕೇ ಹೀಗೆ ಅಂತ ತೀರ್ಮಾನಿಸಿದ. 1912ರ ಫೆಬ್ರುವರಿ 4ರಂದು ಐಫೆಲ್ ಗೋಪುರದ ಮೊದಲ ಅಂತಸ್ತಿನಿಂದ, 57 ಮೀಟರ್ ಮೇಲಿಂದ, ತಾನೇ ಹಾರಿದ. ಪೊಲೀಸರು ಅನುಮತಿ ಕೊಟ್ಟಿದ್ದು ಬೊಂಬೆಯ ಪರೀಕ್ಷೆಗೆ ಮಾತ್ರ. 57 ಮೀಟರ್ ಅಂದರೆ ಮೂರೂವರೆ ಸೆಕೆಂಡೂ ಇಲ್ಲ. ಬಟ್ಟೆ ಅವನ ಮೈಗೇ ಸುತ್ತಿಕೊಂಡಿತು. ಎತ್ತರ ಬೇಕು ಅನ್ನುವುದು ಅವನಿಗೆ ಹೊಳೆದಿತ್ತು. ಎಷ್ಟು ಬೇಕು ಅನ್ನುವ ಲೆಕ್ಕ ಮಾಡಲಿಲ್ಲ. ಅವತ್ತೂ ಬೊಂಬೆಯನ್ನೇ ಹಾರಿಸಿದ್ದರೆ ಉಳಿಯುತ್ತಿದ್ದ.

ಆ ಕಾಲದಲ್ಲಿ ಇನ್ನೊಂದು ಮೂಢನಂಬಿಕೆ ಇತ್ತು. ಗಾಳಿಯಲ್ಲಿ ಬೀಳುವ ಮನುಷ್ಯನಿಗೆ ಪ್ರಜ್ಞೆ ತಪ್ಪುತ್ತದೆ, ಅವನು ದಾರ ಎಳೆಯಲಾರ ಅಂತ ವೈಮಾನಿಕರೇ ನಂಬಿದ್ದರು. 1919ರ ಏಪ್ರಿಲ್ 28ರಂದು ಅಮೆರಿಕದ ಮೆಕುಕ್ ಫೀಲ್ಡಿನಲ್ಲಿ ಲೆಸ್ಲಿ ಇರ್ವಿನ್ ವಿಮಾನದಿಂದ ಹಾರಿ, ಬೀಳುತ್ತಲೇ ತನ್ನ ಕೈಯಿಂದ ದಾರ ಎಳೆದು ತೋರಿಸಿದ. ಇಳಿಯುವಾಗ ಕಾಲಿನ ಗಂಟು ಮುರಿಯಿತು. ನಂಬಿಕೆಯೂ ಮುರಿಯಿತು.

ಪ್ರಜ್ಞೆ ತಪ್ಪುವುದಿಲ್ಲ, ನಿಜ. ಆದರೆ ಕಣ್ಣು ಮೋಸ ಮಾಡುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎತ್ತರ ಅರ್ಧಕ್ಕೆ ಇಳಿದಾಗ ಕೆಳಗಿನ ಮನೆ, ಗದ್ದೆ, ರಸ್ತೆ ಎರಡರಷ್ಟು ದೊಡ್ಡದಾಗಿ ಕಾಣುತ್ತವೆ. 8,000 ಅಡಿಯಿಂದ 4,000ಕ್ಕೆ ಬರಲು 22 ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಗದ್ದೆ ಒಮ್ಮೆ ಮಾತ್ರ ಇಮ್ಮಡಿಯಾಗುತ್ತದೆ, ಗೊತ್ತೇ ಆಗುವುದಿಲ್ಲ. ತೇಲುತ್ತಿದ್ದೇನೆ ಅನ್ನಿಸುತ್ತದೆ. ಮುಂದಿನ ಇಮ್ಮಡಿಗೆ 11 ಸೆಕೆಂಡ್. ಅದರ ಮುಂದಿನದಕ್ಕೆ ಐದೂವರೆ. ಆಮೇಲೆ ಮೂರಕ್ಕೂ ಕಡಿಮೆ. ಹೆದ್ದಾರಿಯಲ್ಲಿ ದೂರದಿಂದ ಬರುವ ಬಸ್ಸು ನಿಂತ ಹಾಗೇ ಕಂಡು, ಇದ್ದಕ್ಕಿದ್ದಂತೆ ಮೈಮೇಲೆ ಬಂದುಬಿಡುತ್ತದಲ್ಲ, ಹಾಗೆ. ನೆಲ ಎದ್ದು ಬಂದ ಹಾಗೆ ಅನ್ನಿಸುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಮಣಿಕಟ್ಟಿನಲ್ಲಿ ಎತ್ತರ ತೋರಿಸುವ ಗಡಿಯಾರ, ಕಿವಿಯ ಬಳಿ ಕೂಗುವ ಯಂತ್ರ. ಅದಕ್ಕೇ ಎತ್ತರದ ಸಂಖ್ಯೆಯನ್ನು ನಿಯಮವಾಗಿ ಬರೆದಿಟ್ಟಿದ್ದಾರೆ, ಅಂದಾಜಿಗೆ ಬಿಟ್ಟಿಲ್ಲ.

ಪ್ಯಾರಾಚೂಟ್ ಬಿಚ್ಚುವ ಕನಿಷ್ಠ ಎತ್ತರಕ್ಕೆ ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮ ನೋಡಿ. ಶಿಕ್ಷಕನ ಮೈಗೆ ಕಟ್ಟಿಕೊಂಡು ಜೋಡಿಯಾಗಿ ಹಾರುವವರು 5,000 ಅಡಿಯಲ್ಲೇ ಪ್ಯಾರಾಚೂಟ್ ಬಿಚ್ಚಬೇಕು. ಕಲಿಯುವವರು ಮತ್ತು ಹೊಸಬರು 3,000 ಅಡಿಯಲ್ಲಿ. ಪಳಗಿದವರಿಗೆ 2,500. ಪಳಗಿದವರಿಗೆ ಮೊದಲು 2,000 ಇತ್ತು. 2013ರಲ್ಲಿ 500 ಅಡಿ ಏರಿಸಿದರು. ಆಗ ಅನೇಕ ಹಳಬರು ಗೊಣಗಿದರು. ಈ 500 ಅಡಿಯ ಹಿಂದಿನ ಲೆಕ್ಕ ಮಾಡಿ ನೋಡಿದರೆ ಗೊಣಗಾಟ ಉಳಿಯುವುದಿಲ್ಲ.

2,000 ಅಡಿಯಲ್ಲಿ ಬಿಚ್ಚಿದರೆ ನಿಧಾನವಾಗಿ ಅರಳುವ ಪ್ಯಾರಾಚೂಟ್ 1,000 ಅಡಿಗೆ ಸಿದ್ಧ. ಅದು ಗಂಟು ಬಿದ್ದಿದ್ದರೆ? ಕಳಚಿ ಎಸೆದು, ರಿಸರ್ವ್ ಅನ್ನುವ ಎರಡನೆಯದನ್ನು ತೆಗೆಯಬೇಕು. ಆದರೆ 1,000 ಅಡಿಯ ಕೆಳಗೆ ಕಳಚಲೇಬಾರದು ಅಂತ ಕಲಿಸುತ್ತಾರೆ. ಅಲ್ಲಿ ಕಳಚಲು ಖರ್ಚಾಗುವ ಒಂದೆರಡು ಸೆಕೆಂಡೇ ಜೀವ. ಇನ್ನೊಂದು ತೊಡಕೂ ಇದೆ. 1991ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋಟ್ ಸೈಪ್ರೆಸ್ ಅನ್ನುವ ಪುಟ್ಟ ಯಂತ್ರ ತಂದ. ಅದು ಗಾಳಿಯ ಒತ್ತಡ ನೋಡಿ ಎತ್ತರ, ವೇಗ ಎರಡನ್ನೂ ಲೆಕ್ಕ ಹಾಕುತ್ತದೆ. ಸುಮಾರು 225 ಮೀಟರ್ ಎತ್ತರದಲ್ಲೂ, ಅಂದರೆ ಜೋಗದ ತುದಿಗಿಂತ ಕೆಳಗೂ, ಸೆಕೆಂಡಿಗೆ 35 ಮೀಟರಿಗಿಂತ ಜೋರಾಗಿ ಬೀಳುತ್ತಿದ್ದರೆ ರಿಸರ್ವ್ ಚೀಲದ ಕುಣಿಕೆಯನ್ನು ತಾನೇ ಕತ್ತರಿಸುತ್ತದೆ. ಪ್ರಜ್ಞೆ ತಪ್ಪಿದವರು, ಎತ್ತರ ಮರೆತವರು ಎಷ್ಟೋ ಜನ ಇದರಿಂದ ಬದುಕಿದ್ದಾರೆ. ಆದರೆ ತಡವಾಗಿ ಬಿಚ್ಚಿದ ಪ್ಯಾರಾಚೂಟ್ ಇನ್ನೂ ಅರಳುತ್ತಿರುವಾಗಲೇ ಯಂತ್ರ ಕತ್ತರಿಸಿದರೆ ಎರಡೂ ಹೊರಗೆ ಬರುತ್ತವೆ. ಒಂದಕ್ಕೊಂದು ಸಿಕ್ಕಿಕೊಳ್ಳಬಹುದು. ಎರಡೂ ಬೇರೆ ಬೇರೆ ದಿಕ್ಕಿಗೆ ನೆಲದ ಕಡೆ ನುಗ್ಗಬಹುದು. ಆ 500 ಅಡಿ ಇರುವುದು ಈ ಎರಡು ಪ್ಯಾರಾಚೂಟುಗಳನ್ನು ದೂರ ಇಡುವುದಕ್ಕೆ.

ಹಾಗಾದರೆ ಸೈನಿಕರು? ಬೆಂಗಳೂರಿನಲ್ಲೇ ನಮ್ಮ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇದೆ. ಹೀಗಾಗಿ ಈ ಪ್ರಶ್ನೆ ನಮ್ಮಲ್ಲಿ ಸಹಜ. ಯುದ್ಧದಲ್ಲಿ ತುಂಬಾ ಕೆಳಗಿನಿಂದ ಇಳಿಸುತ್ತಾರೆ, ಯಾಕೆಂದರೆ ಗಾಳಿಯಲ್ಲಿ ತೇಲುತ್ತಿರುವ ಪ್ರತಿ ಸೆಕೆಂಡೂ ಶತ್ರುವಿನ ಗುಂಡಿಗೆ ಗುರಿ. ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಅವರ ಪ್ಯಾರಾಚೂಟನ್ನು ಎಳೆಯುತ್ತದೆ, ವೇಗ ಏರುವ ಮೊದಲೇ ಅದು ಅರಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪ್ಯಾರಾ ಸೈನಿಕರಿಗೆ ರಿಸರ್ವ್ ಕೊಡುತ್ತಲೇ ಇರಲಿಲ್ಲ. ಅವರು ಒಂದು ಅಪಾಯ ಕಡಿಮೆ ಮಾಡಲು ಇನ್ನೊಂದನ್ನು ಹೊತ್ತರು. ಮೋಜಿಗೆ ಹಾರುವವರಿಗೆ ಆ ಒತ್ತಾಯ ಇಲ್ಲ.

ನನಗೆ ನಿಜವಾಗಿ ಆತಂಕ ತರುವುದು ನಮ್ಮ ಒಂದು ಮಾತು. "ಆಯಸ್ಸು ಗಟ್ಟಿಯಿತ್ತು, ಬದುಕಿದ." ತಡವಾಗಿ ಬಿಚ್ಚಿಯೂ ಉಳಿದವನ ಬಗ್ಗೆ ಹೀಗೆ ಹೇಳಿ ಮುಗಿಸುತ್ತೇವೆ. ಅವನೂ ಅದನ್ನೇ ನಂಬುತ್ತಾನೆ. ಮುಂದಿನ ಸಲ ಇನ್ನೊಂದು ಸೆಕೆಂಡ್ ತಡ ಮಾಡುತ್ತಾನೆ. ಸಾವಿರ ಜಿಗಿತದಲ್ಲಿ ಒಮ್ಮೆ ಗಂಟು ಬೀಳುವ ಪ್ಯಾರಾಚೂಟ್ ಉಳಿದ 999 ಸಲ ಅವನಿಗೆ ತಪ್ಪು ಪಾಠವನ್ನೇ ಕಲಿಸುತ್ತದೆ. ಬದುಕಿದ್ದೇನೆ, ಆದ್ದರಿಂದ ಎತ್ತರ ಸಾಕಿತ್ತು ಅನ್ನುವ ಪಾಠ. ಅವತ್ತು ಹೆಚ್ಚುವರಿ ಸಮಯ ಬೇಕಾಗಲಿಲ್ಲ, ಅಷ್ಟೇ.

ಬಿಲ್ ಬೂತ್ ಈ ಕ್ರೀಡೆಗೆ ಅನೇಕ ಸುರಕ್ಷತಾ ಸಾಧನ ಕೊಟ್ಟವರು. ಪ್ಯಾರಾಚೂಟನ್ನು ಸುಲಭವಾಗಿ ಕಳಚುವ ಮೂರು ಉಂಗುರಗಳ ಕೀಲು ಅವರದೇ. ಸಾಧನ ಸುರಕ್ಷಿತವಾದಷ್ಟೂ ಜನ ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ, ಸಾವಿನ ಪ್ರಮಾಣ ಅಷ್ಟೇ ಉಳಿಯುತ್ತದೆ ಅಂತ ಅವರೇ ಹೇಳಿದ್ದಾರೆ. ಚಕ್ರ ಜಾರದಂತೆ ತಡೆಯುವ ಎಬಿಎಸ್ ಬ್ರೇಕ್ ಹಾಕಿಸಿಕೊಂಡ ಮ್ಯೂನಿಕ್ ನಗರದ ಟ್ಯಾಕ್ಸಿ ಚಾಲಕರಲ್ಲೂ 1980ರ ದಶಕದಲ್ಲಿ ಇಂಥದ್ದೇ ಕಂಡುಬಂತು. ಅವರು ಇನ್ನೂ ಬಿರುಸಾಗಿ ಓಡಿಸಿದರು, ಅಪಘಾತ ಕಡಿಮೆಯಾಗಲಿಲ್ಲ. ಸ್ಕೈಡೈವಿಂಗ್ ವಿಷಯದಲ್ಲಿ ಬೂತ್ ಮಾತು ಪೂರ್ತಿ ನಿಜವಾಗಲಿಲ್ಲ ಅನ್ನುವುದು ನನಗೆ ಸಂತೋಷ. ಅಮೆರಿಕದಲ್ಲಿ 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಜನ ಸಾಯುತ್ತಿದ್ದರು. 2021ರಲ್ಲಿ ಸುಮಾರು 35 ಲಕ್ಷ ಜಿಗಿತಗಳಿಗೆ ಸತ್ತವರು 10 ಜನ.

ಆದರೆ ಅರ್ಧ ಮಾತು ನಿಜ. ಗಂಟು ಬಿದ್ದ ಪ್ಯಾರಾಚೂಟಿನ ಭಯ ಕಡಿಮೆಯಾದ ಮೇಲೆ, ಚೆನ್ನಾಗಿ ಅರಳಿದ ಪ್ಯಾರಾಚೂಟಿನಡಿಯಲ್ಲೇ ಜನ ಸಾಯತೊಡಗಿದರು. ಚಿಕ್ಕ, ಚುರುಕಾದ ರೆಕ್ಕೆ ತೊಟ್ಟು, ನೆಲದ ಹತ್ತಿರ ಗಕ್ಕನೆ ತಿರುಗಿ, ಹುಲ್ಲನ್ನು ಸವರಿಕೊಂಡು ಹೋಗುವ ಆಟ ಬಂತು. ನೋಡಲು ಬಹಳ ಚೆಂದ. ಹಾಗೆ ತಿರುಗಿದಾಗ ರೆಕ್ಕೆ ಒಂದು ಮಗ್ಗುಲಿಗೆ ವಾಲುತ್ತದೆ, ಮನುಷ್ಯ ಉಯ್ಯಾಲೆಯ ಹಾಗೆ ಹೊರಕ್ಕೆ ತೂಗುತ್ತಾನೆ, ಇಬ್ಬರೂ ನೆಲದ ಕಡೆ ಧುಮುಕುತ್ತಾರೆ. ಮತ್ತೆ ಸಮಕ್ಕೆ ಬರಲು ಇಂತಿಷ್ಟು ಅಡಿ ಬೇಕೇ ಬೇಕು. ಅದಕ್ಕಿಂತ ಹತ್ತು ಅಡಿ ಕಡಿಮೆ ಇದ್ದರೂ ಯಾವ ಯಂತ್ರವೂ ನೆರವಿಗೆ ಬರುವುದಿಲ್ಲ.

ಅಕ್ಕನಿಗೆ ಇಷ್ಟೆಲ್ಲ ಹೇಳಿದೆ. ಮಗ ಮೇಲಿಂದಲೇ ಹಾರಲಿ ಅಂದಳು. ಅವನಿಗೆ ಈಗ ಸ್ವಂತವಾಗಿ ಹಾರುವುದನ್ನೂ ಕಲಿಯುವ ಆಸೆ. ಕಲಿತರೆ 3,500 ಅಡಿಯಿಂದ ಹೊರಗೆ ಜಿಗಿದು ತಕ್ಷಣ ಪ್ಯಾರಾಚೂಟ್ ಬಿಚ್ಚುವ ಪರೀಕ್ಷೆಯೂ ಇರುತ್ತದೆ. ವಿಮಾನ ಕೆಟ್ಟರೆ ಕೆಳಗಿನಿಂದಲೂ ಗಾಬರಿಯಾಗದೆ ಹೊರಬರಲಿ ಅಂತ ಅದನ್ನು ಇಟ್ಟಿದ್ದಾರೆ. ನೆಲದ ಹತ್ತಿರ ಮರವೋ ಬೇಲಿಯೋ ಎದುರಾದರೆ ರೆಕ್ಕೆಯ ಹಿಂದಿನ ಅಂಚನ್ನು ಕೆಳಗೆಳೆಯುವ ಎರಡೂ ಬ್ರೇಕ್ ದಾರಗಳನ್ನು ಅರ್ಧ ಎಳೆದುಕೊಂಡು, ವಾಲದೆ, ನಿಧಾನವಾಗಿ ತಿರುಗುವುದನ್ನೂ ಕಲಿಸುತ್ತಾರೆ. ಆ ತಿರುವಿನ ಅಭ್ಯಾಸ ಮಾತ್ರ ನೆಲದಿಂದ ತುಂಬಾ ಮೇಲೆ, ಕೈಯಲ್ಲಿ ಬೇಕಾದಷ್ಟು ಸೆಕೆಂಡುಗಳಿರುವಾಗ ನಡೆಯುತ್ತದೆ.