ಲಗ್ನದಾಗ ಎಷ್ಟು ಕೆಜಿ ಇದ್ರಿ?

ವಿಜಯಪುರದ ನನ್ನ ಕ್ಲಿನಿಕ್‌ಗೆ ಬಿಪಿ ಎಂದು ಬಂದವರಿಗೆಲ್ಲ ನಾನು ಮೊದಲು ಕೇಳುವುದು ಇದನ್ನೇ. ಕೆಜಿ ನೆನಪಿಲ್ಲದಿದ್ದರೂ ಆಗ ಪ್ಯಾಂಟಿನ ಸೊಂಟ 30 ಇತ್ತು ಎಂಬುದು ಗಂಡಸರಿಗೆ ನೆನಪಿರುತ್ತದೆ. ಲಗ್ನದ ಜಂಪರಿನ ಹೊಲಿಗೆ ಎಷ್ಟು ಸಲ ಬಿಚ್ಚಿಸಿದ್ದು ಎಂಬುದು ಹೆಣ್ಣುಮಕ್ಕಳಿಗೆ ಪಕ್ಕಾ ಗೊತ್ತಿರುತ್ತದೆ.

ಕಳೆದ ವರ್ಷ ಗೊಬ್ಬರದ ಅಂಗಡಿ ನಡೆಸುವ 36 ವರ್ಷದ ಒಬ್ಬರು ಅವ್ವನ ಶುಗರ್ ತೋರಿಸಲು ಬಂದಿದ್ದರು. ಅವರ ಬಿಪಿಯನ್ನೂ ನೋಡೋಣ ಎಂದೆ. ‘ನನಗೇನೂ ಆಗಿಲ್ರಿ ಸಾಹೇಬ್ರ’ ಎನ್ನುತ್ತಲೇ ತೋಳು ಚಾಚಿದರು. 152/98. ಬೇರೆ ಬೇರೆ ದಿನ ಕರೆಸಿ ನೋಡಿದೆ. ಪ್ರತಿ ಸಲವೂ 140/90ಕ್ಕಿಂತ ಮೇಲೆಯೇ ಇತ್ತು. ಲಗ್ನದಲ್ಲಿ 58 ಕೆಜಿ ಇದ್ದವರು ಈಗ 82 ಕೆಜಿ. ‘ಲಗ್ನ ಆದ ಮ್ಯಾಲೆ ಮೈ ಹಿಡೀತ್ರಿ. ಎಲ್ಲಾರೂ ಚಲೋ ಆಗಿ ಅಂದ್ರು.’

ನನಗೆ ಬೇಜಾರಾಗುವುದು ಇಲ್ಲೇ. ನಮ್ಮ ಕಡೆ ಹುಡುಗ ದಪ್ಪಗಾದರೆ ಹೊಗಳುತ್ತೇವೆ. ಸೊರಗಿದರೆ ಮಾತ್ರ ಡಾಕ್ಟರ್ ಹತ್ತಿರ ಕರೆತರುತ್ತೇವೆ. ಬಿಪಿ ಅಂದರೆ 50 ದಾಟಿದವರ ರೋಗ ಎಂದು ಸುಮ್ನೆ ಇರುತ್ತೇವೆ. ಆದರೆ ಅದರ ಬೀಜ ಬಿದ್ದಿರುವುದು 20ರಿಂದ 35ರ ನಡುವೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1948ರಿಂದ 1964ರವರೆಗಿನ ಬ್ಯಾಚುಗಳಲ್ಲಿ ಓದಿದ ವೈದ್ಯಕೀಯ ವಿದ್ಯಾರ್ಥಿಗಳನ್ನು ಅಲ್ಲಿನ ಸಂಶೋಧಕರು ದಶಕಗಟ್ಟಲೆ ಗಮನಿಸುತ್ತಾ ಬಂದರು. 2012ರಲ್ಲಿ ಅವರಲ್ಲಿ 1132 ಗಂಡಸರ ಲೆಕ್ಕ ಪ್ರಕಟವಾಯಿತು. ಕಾಲೇಜಿನ ವಯಸ್ಸಲ್ಲೇ ಬೊಜ್ಜು ಇದ್ದವರಿಗೆ ಮುಂದೆ ಬಿಪಿ ಬರುವ ಸಾಧ್ಯತೆ ಸರಿಯಾದ ತೂಕದವರಿಗಿಂತ ಸುಮಾರು 4 ಪಟ್ಟು. ತೂಕ ಸ್ವಲ್ಪ ಜಾಸ್ತಿ ಇದ್ದವರಿಗೂ ಒಂದೂವರೆ ಪಟ್ಟು. ಅವರೆಲ್ಲ ಅಲ್ಲಿನ ಬಿಳಿಯ ಗಂಡಸರು, ನಮಗೆ ಅದೇ ಅಂಕಿ ಅನ್ವಯಿಸುತ್ತದೆ ಎಂದು ಹೇಳಲಾರೆ. ಆದರೆ ಅದರಲ್ಲಿ ನನಗೆ ತುಂಬಾ ಧೈರ್ಯ ಕೊಟ್ಟ ಮಾತು ಇನ್ನೊಂದಿದೆ. ಹರೆಯದಲ್ಲಿ ದಪ್ಪಗಿದ್ದು, 45ರ ಹೊತ್ತಿಗೆ ತೂಕ ಇಳಿಸಿಕೊಂಡವರಿಗೆ ಬಿಪಿಯ ಅಪಾಯ ಮೊದಲಿಂದ ತೆಳ್ಳಗಿದ್ದವರಷ್ಟೇ ಇತ್ತು.

ತೂಕಕ್ಕೂ ಬಿಪಿಗೂ ಏನು ಸಂಬಂಧ? ದ್ರಾಕ್ಷಿ ತೋಟಕ್ಕೆ ಇನ್ನೆರಡು ಎಕರೆ ಸೇರಿಸಿ, ಹಳೇ ಮೋಟಾರಿನಿಂದಲೇ ನೀರು ಹಾಯಿಸಿದ ಹಾಗೆ. ಬೆಳೆದ ಮೈಗೆಲ್ಲ ರಕ್ತ ತಳ್ಳಲು ಹೃದಯ ದುಡಿಯಬೇಕು. ಕಿಡ್ನಿಯ ಸುತ್ತಲಿನ ಕೊಬ್ಬು ಕಿಡ್ನಿಯನ್ನು ಒತ್ತುತ್ತದೆ. ಆಗ ಕಿಡ್ನಿ ಉಪ್ಪನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ, ಉಪ್ಪಿನ ಜತೆ ನೀರೂ ನಿಲ್ಲುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತನಾಳ ಗಡುಸಾಗುತ್ತದೆ. ಇಷ್ಟಾದರೂ ಎಲ್ಲೂ ನೋವಿರುವುದಿಲ್ಲ, ಅದೇ ಕಷ್ಟ.

ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಅಂಕಿಯೇ ಬಿಎಂಐ. ನಮ್ಮ ದೇಶದವರಿಗೆ ಅದು 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ಆ ಅಂಗಡಿಯವರ ಎತ್ತರ 168 ಸೆಂ.ಮೀ. ಅವರ ತೂಕ 65 ಕೆಜಿ ಒಳಗಿರಬೇಕು. ತಕ್ಕಡಿ ಇಲ್ಲದಿದ್ದರೆ ಟೇಪ್ ಸಾಕು: ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ತೋಳು ದಪ್ಪ ಇದ್ದವರು ಬಿಪಿ ನೋಡಿಸುವಾಗ ದೊಡ್ಡ ಪಟ್ಟಿ ಕೇಳಿ. ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ಜೋಳದ ರೊಟ್ಟಿ, ಕಾಳುಪಲ್ಯ ಬಿಡಬೇಕಿಲ್ಲ. ಅಂಗಡಿಯವರ ದಿನಚರಿ ಬರೆಸಿದಾಗ ಸಿಕ್ಕಿದ್ದು ಬೇರೆ: ಗಿರಾಕಿ ಜತೆಗೆ 7 ಸಕ್ಕರೆ ಚಹಾ, ಸಂಜೆ ಮಿರ್ಚಿ ಭಜಿ, ಊಟಕ್ಕೆ ಹಪ್ಪಳ, ಉಪ್ಪಿನಕಾಯಿ, ದಿನವಿಡೀ ಗಲ್ಲೆಯ ಮೇಲೆ ಕೂತೇ ಕೆಲಸ. ಚಹಾ 2ಕ್ಕೆ ಇಳಿಯಿತು. ಉಪ್ಪು ಎಲ್ಲಾ ಸೇರಿ ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಒಳಗೆ. ಬೆಳಿಗ್ಗೆ ಗೋಳಗುಮ್ಮಟದ ಕಡೆ 40 ನಿಮಿಷ ಬಿರುಸು ನಡಿಗೆ. ಅಲ್ಲಿ ನನಗೆ ಕಾಣುವ ಬಹಳ ಮಂದಿ ತಲೆ ನೆರೆತವರೇ. 25ರ ಹುಡುಗರು ಯಾಕೆ ಬರುವುದಿಲ್ಲ?

9 ತಿಂಗಳಿಗೆ 73 ಕೆಜಿಗೆ ಬಂದರು, ಬಿಪಿ 134/86. ಎಲ್ಲರಿಗೂ ಇಷ್ಟರಲ್ಲೇ ಮುಗಿಯುವುದಿಲ್ಲ. ಮಾತ್ರೆ ನುಂಗುತ್ತಿರುವವರು ತಾವಾಗಿಯೇ ನಿಲ್ಲಿಸಬೇಡಿ. ಮೊನ್ನೆ ಅವರು ತಮ್ಮನನ್ನೂ ಕರೆತಂದಿದ್ದರು. 24 ವರ್ಷ, ಲಗ್ನ ಗೊತ್ತಾಗಿದೆ. 71 ಕೆಜಿ, ಬಿಪಿ 124/80. ಮಾತ್ರೆ ಬೇಕಿಲ್ಲ. ಪ್ರತಿ ಸೋಮವಾರ ತೂಕ ನೋಡಿ ಅಂಗಡಿಯ ಕ್ಯಾಲೆಂಡರ್ ಮೇಲೆ ಬರೆಯಲು ಹೇಳಿ ಕಳಿಸಿದೆ.