ಟೆಂಡರ್: ರೇಟಿಗೆ ಮೊದಲು ಸಾಮರ್ಥ್ಯದ ಲೆಕ್ಕ

ಕರ್ನಾಟಕದ ಸರ್ಕಾರಿ ಕಾಮಗಾರಿ ಟೆಂಡರ್‌ಗಳು 1999ರ ಕೆಟಿಪಿಪಿ ಕಾಯ್ದೆಯಡಿ (ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ) ನಡೆಯುತ್ತವೆ. ಎರಡು ಲಕೋಟೆಯ ಟೆಂಡರ್ ಆದರೆ ತಾಂತ್ರಿಕ ಲಕೋಟೆಯಲ್ಲಿ ತೇರ್ಗಡೆಯಾದವರ ರೇಟು ಮಾತ್ರ ತೆರೆಯುತ್ತಾರೆ. ಹೊಸಬರು ರಾತ್ರಿಯಿಡೀ ರೇಟು ಲೆಕ್ಕ ಹಾಕಿ, ಸೋಲುವುದು ಅದಕ್ಕಿಂತ ಮೊದಲೇ, ಟೆಂಡರ್ ಸಾಮರ್ಥ್ಯದಲ್ಲಿ, ಅಂದರೆ ಇಷ್ಟು ದೊಡ್ಡ ಕೆಲಸ ಹೊರುವ ಶಕ್ತಿ ನಿಮಗಿದೆಯೇ ಎಂಬ ಲೆಕ್ಕದಲ್ಲಿ.

ಸೂತ್ರ: ಎ × ಎನ್ × 1.5 − ಬಿ. ಬರುವ ಉತ್ತರ ಟೆಂಡರ್ ಮೊತ್ತಕ್ಕಿಂತ ಕಡಿಮೆ ಇರಬಾರದು. (ಕೆಲವು ದಾಖಲೆಗಳಲ್ಲಿ 1.5ರ ಬದಲು 2 ಇರುತ್ತದೆ, ನೋಡಿಕೊಳ್ಳಿ.) ಎ ಎಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದೇ ವರ್ಷ ಮಾಡಿದ ಕೆಲಸದ ಗರಿಷ್ಠ ಮೊತ್ತ. ಎನ್ ಎಂದರೆ ಈ ಕಾಮಗಾರಿಯ ಅವಧಿ, ವರ್ಷಗಳಲ್ಲಿ. ಬಿ ಎಂದರೆ ಆ ಅವಧಿಯೊಳಗೆ ನೀವು ಮುಗಿಸಬೇಕಾದ ಹಳೇ ಕೆಲಸಗಳ ಮೊತ್ತ.

ಉಡುಪಿ ಜಿಲ್ಲೆಯಲ್ಲಿ 2.5 ಕೋಟಿಯ ಕಿಂಡಿ ಅಣೆಕಟ್ಟು (ಹೊಳೆಗೆ ಅಡ್ಡಲಾಗಿ ಕಂಬಗಳ ನಡುವೆ ಕಿಂಡಿ ಬಿಟ್ಟು ಕಟ್ಟುವ ಸಣ್ಣ ಅಣೆಕಟ್ಟು), ಅವಧಿ 9 ತಿಂಗಳು ಎಂದಿಟ್ಟುಕೊಳ್ಳಿ. ಎ 3 ಕೋಟಿ. ಎನ್ 0.75, ಇಲ್ಲಿ 1 ಎಂದು ಬರೆದರೆ ಲೆಕ್ಕವೇ ತಪ್ಪು. ಗುಣಿಸಿದರೆ 3.375 ಕೋಟಿ. ಕೈಯಲ್ಲಿರುವ ಕೆಲಸದ ಬಾಕಿ 1.2 ಕೋಟಿಯನ್ನು ಪೂರ್ತಿ ಕಳೆದರೆ ಉಳಿಯುವುದು 2.175 ಕೋಟಿ, ಅನರ್ಹ. ಆದರೆ ಆ ಬಾಕಿಯಲ್ಲಿ ಈ 9 ತಿಂಗಳೊಳಗೆ ಬರುವುದು 80 ಲಕ್ಷ ಮಾತ್ರ ಎಂದಾದರೆ 2.575 ಕೋಟಿ, ಅರ್ಹ. ಹಾಗಾಗಿ ಬಾಕಿ ಮೊತ್ತ, ಮುಗಿಸುವ ದಿನಾಂಕ ಎರಡೂ ಇರುವ ಪ್ರಮಾಣಪತ್ರವನ್ನು ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಂದ ಮುಂಚೆಯೇ ಪಡೆಯಿರಿ. ಬಾಕಿ ಕೆಲಸ ಮುಚ್ಚಿಡಬೇಡಿ. ಅದು ಸುಳ್ಳು ಮಾಹಿತಿ, ಅದೊಂದೇ ತಿರಸ್ಕಾರಕ್ಕೆ ಸಾಕು.

ನಮ್ಮ ಕರಾವಳಿಯಲ್ಲಿ ಕೆಲಸದ ವೇಳಾಪಟ್ಟಿಯನ್ನು ಬೇರೆ ಜಿಲ್ಲೆಯ ಟೆಂಡರಿನಿಂದ ನಕಲು ಮಾಡಿದರೆ ತಕ್ಷಣ ಗೊತ್ತಾಗುತ್ತದೆ. ಅವಧಿ ‘ಮಳೆಗಾಲ ಸೇರಿ’ಯೋ ‘ಹೊರತುಪಡಿಸಿ’ಯೋ ಎಂದು ಮೊದಲು ಓದಿ. ಮಳೆಗಾಲ ಸೇರಿ 9 ತಿಂಗಳು, ಕಾರ್ಯಾದೇಶ ಫೆಬ್ರವರಿಯಲ್ಲಿ ಎಂದಾದರೆ ಅಕ್ಟೋಬರ್‌ಗೆ ಮುಗಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಗೆ ಇಳಿಯುವಂತಿಲ್ಲ. ಅಡಿಪಾಯ, ಕಂಬಗಳ ನೀರಿನ ಮಟ್ಟದವರೆಗಿನ ಕಾಂಕ್ರೀಟು ಮೇ ಮುಗಿಯುವುದರೊಳಗೆ ಆಗಬೇಕು ಎಂದು ವಾರವಾರ ಲೆಕ್ಕದಲ್ಲಿ ತೋರಿಸಿ. ನೀರು ತಿರುಗಿಸುವ ಮಣ್ಣಿನ ಒಡ್ಡು, ಪಂಪಿನ ಖರ್ಚು ಅಂದಾಜುಪಟ್ಟಿಯಲ್ಲಿ ಪ್ರತ್ಯೇಕ ಇಲ್ಲದಿದ್ದರೆ ಅದೂ ನಿಮ್ಮ ರೇಟಿನೊಳಗೇ ಬರಬೇಕು.

ಉಳಿದದ್ದು ಶಿಸ್ತಿನ ಕೆಲಸ: ವಹಿವಾಟಿನ ಸಿಎ ಪ್ರಮಾಣಪತ್ರದಲ್ಲಿ 18 ಅಂಕಿಯ ಯುಡಿಐಎನ್ (ಆ ಪ್ರಮಾಣಪತ್ರದ ಗುರುತಿನ ಸಂಖ್ಯೆ), ಅವಧಿ ಮುಗಿಯದ ಡಿಜಿಟಲ್ ಸಹಿ, ಇಎಂಡಿ (ಟೆಂಡರ್ ಜೊತೆ ಕಟ್ಟುವ ಠೇವಣಿ). ತಿದ್ದುಪಡಿ ಪ್ರಕಟಣೆಗಳನ್ನು ಕೊನೇ ದಿನದವರೆಗೂ ನೋಡುತ್ತಿರಿ. ತಾಂತ್ರಿಕ ಲಕೋಟೆಯ ಯಾವ ಪುಟದಲ್ಲೂ ರೇಟಿನ ಸುಳಿವು ಇರಕೂಡದು.

ಟೆಂಡರ್ ಒಪ್ಪಿಗೆಯ ಆದೇಶದಿಂದ ಅನ್ಯಾಯವಾಗಿದೆ ಎನಿಸಿದರೆ ಕಾಯ್ದೆಯ 16ನೇ ಕಲಮಿನಡಿ, ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಸಾಮರ್ಥ್ಯದ ಲೆಕ್ಕದ ಹಾಳೆ ಆಗ ಬೇಕಾಗುತ್ತದೆ, ಒಂದು ಪ್ರತಿ ಎತ್ತಿಡಿ.