ಫಿಟ್ಸ್‌ಗೆ ತಲೆಯ ಹೊರಗಿನಿಂದ ಕರೆಂಟ್: ಒಬ್ಬೊಬ್ಬರಿಗೂ ಬೇರೆ ಲೆಕ್ಕ ಯಾಕೆ?

ಎಪಿಲೆಪ್ಸಿ ಇರುವ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಮಾತ್ರೆಯಿಂದ ಫಿಟ್ಸ್ ಪೂರ್ತಿ ನಿಲ್ಲುವುದಿಲ್ಲ. ಗ್ಲಾಸ್ಗೋದಲ್ಲಿ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ ಕ್ವಾನ್ ಮತ್ತು ಬ್ರೋಡಿ 2000ದಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಅದಕ್ಕೂ ಮುಂಚೆ ಔಷಧಿಯೇ ತೆಗೆದುಕೊಳ್ಳದಿದ್ದ 470 ಜನರಲ್ಲಿ ಶೇ 47 ಮಂದಿಗೆ ಮೊದಲ ಔಷಧಿಯಲ್ಲೇ ಫಿಟ್ಸ್ ನಿಂತಿತು. ಎರಡನೆಯದರಿಂದ ಇನ್ನೂ ಶೇ 13 ಮಂದಿಗೆ ನಿಂತಿತು. ಮೂರನೆಯದಕ್ಕೆ ಅಥವಾ ಎರಡು ಔಷಧಿ ಒಟ್ಟಿಗೆ ಕೊಟ್ಟಾಗ ನಿಂತದ್ದು ಬರೀ ಶೇ 4 ಮಂದಿಗೆ. ಸರಿಯಾಗಿ ಆರಿಸಿದ, ದೇಹಕ್ಕೆ ಒಗ್ಗಿದ ಎರಡು ಔಷಧಿ ಸೋತರೆ ಅದನ್ನು ಔಷಧಿಗೆ ಬಗ್ಗದ ಎಪಿಲೆಪ್ಸಿ ಎಂದು ಕರೆಯಬೇಕು ಎಂದು ಅಂತರರಾಷ್ಟ್ರೀಯ ಎಪಿಲೆಪ್ಸಿ ಒಕ್ಕೂಟ 2010ರಲ್ಲಿ ವ್ಯಾಖ್ಯಾನ ಕೊಟ್ಟಿತು. ಅದರ ಹಿಂದೆ ಇರುವುದು ಇಂಥ ಲೆಕ್ಕಗಳೇ.

ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಎಪಿಲೆಪ್ಸಿ ಇದೆ. ನಮ್ಮ ಕಡೆಯ ಅಂದಾಜು ಬೇಕಿದ್ದರೆ ನಿಮ್ಹಾನ್ಸ್ ತಂಡ ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮಾಡಿದ ನರರೋಗ ಸಮೀಕ್ಷೆ ಇದೆ. ಅದರ ಪ್ರಕಾರ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9. ಹಳ್ಳಿಯಲ್ಲಿ ಎರಡು ಪಟ್ಟು ಜಾಸ್ತಿ.

ಮಾತ್ರೆ ಸೋತವರಿಗೆ ಮುಂದಿನ ದಾರಿ ಆಪರೇಷನ್. ಆದರೆ ಫಿಟ್ಸ್ ಹುಟ್ಟುವ ಜಾಗ ಮಾತಿನ ಅಥವಾ ಕೈಕಾಲಿನ ಭಾಗದಲ್ಲೇ ಇದ್ದರೆ ಅದನ್ನು ಕತ್ತರಿಸಿ ತೆಗೆಯುವುದು ಕಷ್ಟ. ಎದೆಯ ಚರ್ಮದಡಿ ಯಂತ್ರ ಇಟ್ಟು ಕುತ್ತಿಗೆಯಲ್ಲಿ ಹಾದುಹೋಗುವ ವೇಗಸ್ ನರಕ್ಕೆ ಕರೆಂಟ್ ಕೊಡುವ ವಿಧಾನಕ್ಕೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿತು. ಮಿದುಳಿನ ವಿದ್ಯುತ್ ಅಲೆಗಳನ್ನು ಗಮನಿಸುತ್ತಾ ಬೇಕಾದಾಗ ಮಾತ್ರ ಕರೆಂಟ್ ಬಿಡುವ ಯಂತ್ರಕ್ಕೆ ಸಿಕ್ಕಿದ್ದು 2013ರಲ್ಲಿ. ಇವೆಲ್ಲಕ್ಕೂ ಚಾಕು ಬೇಕು. ಚಾಕು ಇಲ್ಲದೆ ಹೊರಗಿನಿಂದಲೇ ಮಿದುಳನ್ನು ಶಾಂತ ಮಾಡಬಹುದಾ? ಈ ಸಂಶೋಧನೆ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಎರಡು ಉಪಕರಣಗಳು

ಮೊದಲನೆಯದು ಟಿಎಂಎಸ್, ಅಂದರೆ ಅಯಸ್ಕಾಂತ ಬಳಸುವ ವಿಧಾನ. ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮನುಷ್ಯರ ಮೇಲೆ ಮೊದಲು ತೋರಿಸಿದರು. ತಲೆಯ ಮೇಲೆ ಹಿಡಿದ ಕಾಯಿಲ್‌ನಲ್ಲಿ ಕರೆಂಟ್ ಒಮ್ಮೆಲೇ ಏರಿಳಿದಾಗ ಕಾಂತಕ್ಷೇತ್ರ ಬದಲಾಗುತ್ತದೆ. ಅದು ಮಿದುಳಿನೊಳಗೆ ವಿದ್ಯುತ್ ಕ್ಷೇತ್ರ ಹುಟ್ಟಿಸುತ್ತದೆ. ಆ ಕ್ಷೇತ್ರ ನರಕೋಶವನ್ನು ನಿಜವಾಗಿಯೂ ಸಿಡಿಸುವಷ್ಟು, ಅಂದರೆ ಸಂಕೇತ ಹೊರಡಿಸುವಷ್ಟು, ಬಲವಾಗಿರುತ್ತದೆ. ಸೆಕೆಂಡಿಗೆ ಒಂದು ಅಥವಾ ಅದಕ್ಕಿಂತ ನಿಧಾನವಾಗಿ ಬಡಿದರೆ ಆ ಜಾಗದ ಉದ್ರೇಕ (ನರಕೋಶಗಳು ಸಿಡಿಯುವ ಒಲವು) ಸ್ವಲ್ಪ ಹೊತ್ತು ಇಳಿಯುತ್ತದೆ. ಎಪಿಲೆಪ್ಸಿಗೆ ಬೇಕಿರುವುದು ಅದೇ.

ಎರಡನೆಯದು ಟಿಡಿಸಿಎಸ್. ತಲೆಯ ಚರ್ಮದ ಮೇಲೆ ಎಲೆಕ್ಟ್ರೋಡ್ ಇಟ್ಟು 1ರಿಂದ 2 ಮಿಲಿ ಆಂಪಿಯರ್ ನೇರ ಕರೆಂಟನ್ನು 20 ನಿಮಿಷದಷ್ಟು ಕೊಡುವುದು. ಇದು ನರಕೋಶವನ್ನು ಸಿಡಿಸುವುದಿಲ್ಲ. ಸಿಡಿಯುವ ಹೊಸ್ತಿಲಿನಿಂದ ಸ್ವಲ್ಪ ಹತ್ತಿರಕ್ಕೋ ದೂರಕ್ಕೋ ತಳ್ಳುತ್ತದೆ, ಅಷ್ಟೇ. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ನಿಟ್ಷೆ ಮತ್ತು ಪೌಲಸ್ 2000ದಲ್ಲಿ ಒಂದು ವಿಷಯ ತೋರಿಸಿದರು. ಕೈ ಆಡಿಸುವ ಭಾಗದ ಮೇಲೆ ಕ್ಯಾಥೋಡ್ (ಋಣ ಎಲೆಕ್ಟ್ರೋಡ್) ಇಟ್ಟರೆ ಅಲ್ಲಿನ ಉದ್ರೇಕ ಇಳಿಯುತ್ತದೆ, ಆನೋಡ್ (ಧನ ಎಲೆಕ್ಟ್ರೋಡ್) ಇಟ್ಟರೆ ಏರುತ್ತದೆ. ಹಾಗಾಗಿ ಎಪಿಲೆಪ್ಸಿಯಲ್ಲಿ ಫಿಟ್ಸ್ ಹುಟ್ಟುವ ಜಾಗದ ಮೇಲೆ ಕ್ಯಾಥೋಡ್ ಇಡುವುದು ರೂಢಿಯಾಯಿತು.

ಕೇಳಲು ಸರಳವಾಗಿದೆ, ಅಲ್ವಾ? ಫಲಿತಾಂಶ ಮಾತ್ರ ಅಷ್ಟು ಸರಳವಾಗಿ ಬರಲಿಲ್ಲ.

ಒಂದೇ ಚಿಕಿತ್ಸೆ, ಬೇರೆ ಬೇರೆ ಉತ್ತರ

ಥಿಯೊಡೋರ್ ತಂಡ 2002ರಲ್ಲಿ 24 ಜನರಿಗೆ ಒಂದು ವಾರ ನಿಧಾನಗತಿಯ ಟಿಎಂಎಸ್ ಕೊಟ್ಟಿತು. ನಂಬಬಹುದಾದ ವ್ಯತ್ಯಾಸ ಸಿಗಲಿಲ್ಲ. ಫ್ರೆಗ್ನಿ ತಂಡ 2006ರಲ್ಲಿ 21 ಜನರಿಗೆ ಐದು ದಿನ, ದಿನಕ್ಕೆ 1200 ಬಡಿತದಂತೆ ಕೊಟ್ಟಿತು. ಅಲ್ಲಿ ಎಂಟು ವಾರದ ನಂತರವೂ ಫಿಟ್ಸ್ ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು. ಮರುವರ್ಷ ಕಾಂಟೆಲ್ಲೋ ತಂಡ 43 ಜನರಲ್ಲಿ ನೋಡಿದಾಗ ಮತ್ತೆ ನಕಲಿ ಚಿಕಿತ್ಸೆಗಿಂತ (ಕೊಟ್ಟಂತೆ ತೋರಿಸಿ ನಿಜವಾಗಿ ಕೊಡದಿರುವುದು) ಮೇಲು ಎನ್ನುವಂಥದ್ದು ಕಾಣಲಿಲ್ಲ.

ಇದನ್ನು ಓದಿ ಟಿಎಂಎಸ್ ಕೆಲಸ ಮಾಡುವುದಿಲ್ಲ ಎಂದು ಪುಸ್ತಕ ಮುಚ್ಚಬೇಡಿ. ಯಾರಿಗೆ ಕೊಟ್ಟರು ಎನ್ನುವುದನ್ನು ನೋಡಿ. ಫ್ರೆಗ್ನಿ ತಂಡದ ರೋಗಿಗಳಿಗೆ ಮಿದುಳಿನ ತೊಗಟೆ (ಹೊರಪದರ) ಹುಟ್ಟಿನಿಂದಲೇ ಸರಿಯಾಗಿ ರೂಪುಗೊಂಡಿರಲಿಲ್ಲ. ಅಂಥ ಜಾಗವನ್ನು ಎಂಆರ್‌ಐನಲ್ಲಿ ಗುರುತಿಸಬಹುದು, ಕಾಯಿಲ್ ಅದರ ಮೇಲೆ ಹಿಡಿಯಬಹುದು. ಥಿಯೊಡೋರ್ ತಂಡದ ರೋಗಿಗಳಲ್ಲಿ ಕೆಲವರಿಗೆ ಫಿಟ್ಸ್ ಹುಟ್ಟುತ್ತಿದ್ದದ್ದು ಮಿದುಳಿನ ಕಿವಿಯ ಬದಿಯ ಭಾಗದ (ಟೆಂಪೊರಲ್ ಲೋಬ್) ಒಳಮೈಯಲ್ಲಿ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಸುತ್ತ. ಮಾಮೂಲಿ ಕಾಯಿಲ್ ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ ಹೋಗುವಷ್ಟರಲ್ಲಿ ಬಲ ಕಳೆದುಕೊಳ್ಳುತ್ತದೆ. ಅಷ್ಟು ಆಳದ ಜಾಗಕ್ಕೆ ಚಿಕಿತ್ಸೆ ತಲುಪಿತೇ ಎನ್ನುವುದೇ ಮೊದಲ ಪ್ರಶ್ನೆ. ಆ ಅಧ್ಯಯನದಲ್ಲೂ ಮೇಲ್ಮೈ ಹತ್ತಿರದಿಂದ ಫಿಟ್ಸ್ ಹುಟ್ಟುವವರಿಗೆ ತುಸು ಹೆಚ್ಚು ಇಳಿಕೆ ಕಂಡಿತ್ತು.

ಟಿಡಿಸಿಎಸ್ ಕಥೆಯೂ ಹೀಗೇ. 2006ರಲ್ಲಿ 19 ಜನರಿಗೆ 1 ಮಿಲಿ ಆಂಪಿಯರ್, 20 ನಿಮಿಷ, ಒಂದೇ ಸಲ ಕೊಟ್ಟಾಗ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ಕಾಣುವ ಅಸಹಜ ಮುಳ್ಳುಗಳು ಚೆನ್ನಾಗಿ ಇಳಿದವು. ಫಿಟ್ಸ್ ಇಳಿಯುವ ಲಕ್ಷಣವಿತ್ತು, ಖಚಿತವಾಗಲಿಲ್ಲ. ಇಇಜಿ ಸುಧಾರಿಸುವುದೇ ಬೇರೆ, ರೋಗಿಯ ಜೀವನ ಸುಧಾರಿಸುವುದೇ ಬೇರೆ. ಈ ಎರಡನ್ನೂ ಬೆರೆಸಿ ಬರೆದ ಪ್ರಬಂಧ ಓದುವಾಗ ತುಂಬ ಎಚ್ಚರ ಬೇಕು.

ಒಳಗೆ ತಲುಪುವ ಡೋಸ್

ಈ ಕ್ಷೇತ್ರದಲ್ಲಿ ಪಿಎಚ್‌ಡಿ ಮಾಡುವವರ ಕೆಲಸದ ಹೃದಯ ಇಲ್ಲಿದೆ. ಯಂತ್ರದ ಮೇಲೆ 2 ಮಿಲಿ ಆಂಪಿಯರ್ ಎಂದು ತೋರಿಸುತ್ತದೆ. ಆದರೆ ನರಕೋಶಕ್ಕೆ ಗೊತ್ತಾಗುವುದು ತನ್ನ ಜಾಗದಲ್ಲಿನ ವಿದ್ಯುತ್ ಕ್ಷೇತ್ರ ಮಾತ್ರ. ಅದರ ಅಳತೆ ಮೀಟರಿಗೆ ಇಷ್ಟು ವೋಲ್ಟ್ ಎಂದು. 2 ಮಿಲಿ ಆಂಪಿಯರ್ ಕೊಟ್ಟರೂ ಮಿದುಳಿನಲ್ಲಿ ಅದು ಸಾಮಾನ್ಯವಾಗಿ ಮೀಟರಿಗೆ 1 ವೋಲ್ಟ್ ಕೂಡ ಮುಟ್ಟುವುದಿಲ್ಲ. ಇದನ್ನು ಸುಮ್ನೆ ಲೆಕ್ಕ ಹಾಕಿ ಹೇಳಿದ್ದಲ್ಲ. ಆಪರೇಷನ್‌ಗೆ ಮುಂಚೆ ಮಿದುಳಿನೊಳಗೆ ಎಲೆಕ್ಟ್ರೋಡ್ ಹಾಕಿಸಿಕೊಂಡಿದ್ದ ಹತ್ತು ಎಪಿಲೆಪ್ಸಿ ರೋಗಿಗಳಲ್ಲಿ ನೇರವಾಗಿ ಅಳೆದು, 2017ರಲ್ಲಿ ಪ್ರಕಟಿಸಿದ್ದಾರೆ. ಅವರ ಸಹಕಾರ ಇಲ್ಲದಿದ್ದರೆ ನಮ್ಮ ಕಂಪ್ಯೂಟರ್ ಮಾದರಿಗಳು ಎಷ್ಟು ಸರಿ ಎಂದು ಪರೀಕ್ಷಿಸಲು ದಾರಿಯೇ ಇರುತ್ತಿರಲಿಲ್ಲ.

ಒಳಗೆ ತಲುಪುವ ಕ್ಷೇತ್ರ ಜನರಿಂದ ಜನರಿಗೆ ಬದಲಾಗಲು ಕಾರಣಗಳಿವೆ. ಮಾದರಿಗಳಲ್ಲಿ ಬಳಸುವ ವಾಹಕತೆಯ, ಅಂದರೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ, ಅಂಕಿಗಳನ್ನು ಗಮನಿಸಿ. ಮೂಳೆಗೆ ಮೀಟರಿಗೆ 0.01 ಸೀಮೆನ್ಸ್. ಚರ್ಮಕ್ಕೆ 0.465. ಮಿದುಳಿನ ಬೂದು ಭಾಗಕ್ಕೆ 0.275. ಮಿದುಳನ್ನು ಸುತ್ತುವರಿದ ದ್ರವಕ್ಕೆ 1.65ರ ಆಸುಪಾಸು. ಅಂದರೆ ಬುರುಡೆ ಕರೆಂಟನ್ನು ತಡೆಯುತ್ತದೆ, ಬಹುಪಾಲು ಚರ್ಮದಲ್ಲೇ ಹರಿದುಹೋಗುತ್ತದೆ. ಒಳಗೆ ನುಗ್ಗಿದ್ದು ದ್ರವದಲ್ಲಿ ಹರಡಿಕೊಳ್ಳುತ್ತದೆ. ಬುರುಡೆ ದಪ್ಪ ಇದ್ದವರಿಗೆ, ದ್ರವದ ಪದರ ಅಗಲ ಇದ್ದವರಿಗೆ ಮಿದುಳಿನ ಪಾಲು ಕಮ್ಮಿ. ಹಿಂದೆ ಆಪರೇಷನ್ ಆಗಿ ಬುರುಡೆಯಲ್ಲಿ ರಂಧ್ರ ಉಳಿದಿದ್ದರೆ ಕರೆಂಟ್ ಅಲ್ಲಿಂದ ಸಲೀಸಾಗಿ ಒಳಗೆ ಹೋಗುತ್ತದೆ. ಎಪಿಲೆಪ್ಸಿ ರೋಗಿಗಳಲ್ಲಿ ಇದು ಅಪರೂಪವಲ್ಲ. ಅವರಿಗೆ ಎಲ್ಲರ ಲೆಕ್ಕ ಹಾಕುವುದು ಅಪಾಯವೂ ಹೌದು.

ಇನ್ನೊಂದು ತೊಡಕು ದಿಕ್ಕಿನದು. ಮಿದುಳಿನ ತೊಗಟೆ ಸೀರೆಯ ನೆರಿಗೆಯಂತೆ ಮಡಚಿಕೊಂಡಿದೆ. ಒಂದು ಮಡಿಕೆಯ ಎರಡು ಗೋಡೆಗಳಲ್ಲಿ ನರಕೋಶಗಳು ಎದುರುಬದುರು ಮುಖ ಮಾಡಿ ನಿಂತಿರುತ್ತವೆ. ಒಂದೇ ಕರೆಂಟ್ ಒಂದು ಗೋಡೆಯಲ್ಲಿ ಉದ್ರೇಕ ಇಳಿಸಿದರೆ ಎದುರಿನ ಗೋಡೆಯಲ್ಲಿ ಏರಿಸಬಹುದು. ಕ್ಯಾಥೋಡ್ ಅಂದರೆ ಇಳಿಕೆ ಎನ್ನುವ ಸೂತ್ರ ಮಡಿಕೆಯ ನೆತ್ತಿಗೆ ಒಪ್ಪುತ್ತದೆ, ಒಳಗೋಡೆಗೆ ಒಪ್ಪಬೇಕೆಂದಿಲ್ಲ. ಫಿಟ್ಸ್ ಹುಟ್ಟುವ ಜಾಗ ಗೋಡೆಯಲ್ಲಿದ್ದರೆ ಎಲೆಕ್ಟ್ರೋಡನ್ನು ಅದರ ಮೇಲೇ ಇಡುವುದು ಉತ್ತಮ ಆಯ್ಕೆಯೇ ಆಗದಿರಬಹುದು.

ಹಾಗಾದರೆ ಕರೆಂಟ್ ಜಾಸ್ತಿ ಮಾಡಿದರಾಯಿತು ಅನ್ನಿಸುತ್ತದೆ. ಅದಕ್ಕೂ 2013ರಲ್ಲಿ ಗೊಟ್ಟಿಂಗೆನ್‌ನಿಂದಲೇ ಎಚ್ಚರಿಕೆ ಬಂತು. ಬತ್ಸಿಕಾಝೆ ತಂಡ ಆರೋಗ್ಯವಂತರಿಗೆ 2 ಮಿಲಿ ಆಂಪಿಯರ್ ಕ್ಯಾಥೋಡ್ ಕರೆಂಟನ್ನು 20 ನಿಮಿಷ ಕೊಟ್ಟಾಗ ಉದ್ರೇಕ ಇಳಿಯುವ ಬದಲು ಏರಿತು. 1 ಮಿಲಿ ಆಂಪಿಯರ್‌ನಲ್ಲಿ ಇಳಿದದ್ದು 2ರಲ್ಲಿ ತಿರುಗಿತು. ಎಪಿಲೆಪ್ಸಿಯ ಮಟ್ಟಿಗೆ ಇದು ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ. ಆನ್‌ಲೈನ್‌ನಲ್ಲಿ ಸಿಗುವ ಯಂತ್ರ ತರಿಸಿ ಮನೆಯಲ್ಲಿ ಯಾರ ತಲೆಗೂ ಕಟ್ಟಬೇಡಿ, ನಡೆಯುತ್ತಿರುವ ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಲೆಕ್ಕ ಹಾಕುವ ಬಗೆ

ರೋಗಿಯ ಎಂಆರ್‌ಐ ತೆಗೆದು ಚರ್ಮ, ಮೂಳೆ, ದ್ರವ, ಬೂದು ಭಾಗ, ಬಿಳಿ ಭಾಗ ಎಂದು ಬೇರ್ಪಡಿಸುತ್ತಾರೆ. ಅದನ್ನು ಲಕ್ಷಾಂತರ ಪುಟ್ಟ ತುಂಡುಗಳ ಜಾಲ ಮಾಡಿ, ಪ್ರತಿ ತುಂಡಿಗೂ ವಾಹಕತೆ ಕೊಟ್ಟು, ಕರೆಂಟ್ ಹೇಗೆ ಹರಿಯುತ್ತದೆ ಎಂಬ ಸಮೀಕರಣ ಬಿಡಿಸುತ್ತಾರೆ. ಸಿಮ್‌ನಿಬ್ಸ್ ಮತ್ತು ರೋಸ್ಟ್ ಎಂಬ ಉಚಿತ ಸಾಫ್ಟ್‌ವೇರ್‌ಗಳು ಇದನ್ನು ಮಾಡುತ್ತವೆ. ಕಲಿಯುವವರು ಸಿಮ್‌ನಿಬ್ಸ್ ಜೊತೆಗೇ ಸಿಗುವ ಮಾದರಿ ತಲೆಯಿಂದ ಶುರು ಮಾಡಬಹುದು. ಆಮೇಲೆ ಹಿಮ್ಮುಖ ಲೆಕ್ಕ: ಈ ಜಾಗದಲ್ಲಿ, ಈ ದಿಕ್ಕಿನಲ್ಲಿ ಕ್ಷೇತ್ರ ಬೇಕು, ಉಳಿದ ಕಡೆ ಆದಷ್ಟು ಕಮ್ಮಿ ಇರಬೇಕು, ಎಲ್ಲಿ ಎಷ್ಟು ಕರೆಂಟ್ ಕೊಡಲಿ? ಎರಡು ದೊಡ್ಡ ಸ್ಪಂಜಿನ ಎಲೆಕ್ಟ್ರೋಡ್ ಬದಲು ಹಲವು ಪುಟ್ಟ ಎಲೆಕ್ಟ್ರೋಡ್ ಬಳಸುವುದು ಈ ಲೆಕ್ಕಕ್ಕಾಗಿ.

ಆದರೆ ಗುರಿಯೇ ತಪ್ಪಿದರೆ ಇಷ್ಟೆಲ್ಲಾ ಗಣಿತ ವ್ಯರ್ಥ. ನನ್ನ ಮಟ್ಟಿಗೆ ಅತಿ ದುರ್ಬಲ ಕೊಂಡಿ ಇದೇ. ಇಇಜಿಯಲ್ಲಿ ಮುಳ್ಳುಗಳು ಕಾಣುವ ಪ್ರದೇಶ ಒಂದು, ಫಿಟ್ಸ್ ನಿಜವಾಗಿ ಶುರುವಾಗುವ ಪ್ರದೇಶ ಇನ್ನೊಂದು. ಮೊದಲನೆಯದು ಹೆಚ್ಚಾಗಿ ದೊಡ್ಡದು. ಎರಡನೆಯದನ್ನು ಹಿಡಿಯಲು ವಿಡಿಯೋ ಇಇಜಿಯಲ್ಲಿ ಫಿಟ್ಸ್ ಆಗುವುದನ್ನೇ ಕಾಯಬೇಕು, ಕೆಲವೊಮ್ಮೆ ಒಳಗೆ ಎಲೆಕ್ಟ್ರೋಡ್ ಹಾಕಬೇಕು. ಫಿಟ್ಸ್ ಒಂದು ಚುಕ್ಕಿಯಿಂದಲ್ಲ, ಒಂದು ಜಾಲದಿಂದ ಹುಟ್ಟುತ್ತದೆ ಎನ್ನುವವರೂ ಇದ್ದಾರೆ. ಫ್ರಾನ್ಸಿನ ಮಾರ್ಸೇಯಲ್ಲಿ ಯಿರ್ಸಾ ತಂಡ ರೋಗಿಯ ಮಿದುಳಿನ ಸಂಪರ್ಕಗಳನ್ನೇ ಕಂಪ್ಯೂಟರ್‌ನಲ್ಲಿ ಕಟ್ಟಿ, ಫಿಟ್ಸ್ ಹೇಗೆ ಹರಡುತ್ತದೆ ಎಂದು ನೋಡುತ್ತದೆ. ಅದರ ಮೂಲ ಉದ್ದೇಶ ಆಪರೇಷನ್ ಯೋಜನೆ. ಕರೆಂಟ್‌ನ ಗುರಿ ಆರಿಸಲೂ ಅದೇ ದಾರಿ ಹಿಡಿಯಬಹುದು.

ವೈಯಕ್ತಿಕ ಲೆಕ್ಕದಿಂದ ಲಾಭವಾಯಿತೇ?

ಈ ವಿಧಾನದಲ್ಲಿ ನಡೆದ ಗಮನಾರ್ಹ ಪ್ರಯೋಗ ಬೋಸ್ಟನ್ ಮತ್ತು ಮೆಕ್ಸಿಕೋ ಸಿಟಿಯದು. 2021ರಲ್ಲಿ ಹೊರಬಂತು. ಔಷಧಿಗೆ ಬಗ್ಗದ 20 ರೋಗಿಗಳು. ಪ್ರತಿಯೊಬ್ಬರ ಎಂಆರ್‌ಐ ಆಧರಿಸಿ ಎಲೆಕ್ಟ್ರೋಡ್ ಜಾಗ ಲೆಕ್ಕ ಹಾಕಿ, ಎರಡು ವಾರದಲ್ಲಿ 20 ನಿಮಿಷದ ಹತ್ತು ಸರದಿ ಕೊಟ್ಟರು. ಮುಂದಿನ ಎಂಟು ವಾರದಲ್ಲಿ ಫಿಟ್ಸ್ ಇಳಿಕೆಯ ಮಧ್ಯಾಂಕ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಮ್ಮಿ) ಶೇ 44. ಆಸೆ ಹುಟ್ಟಿಸುವ ಸಂಖ್ಯೆ. ಆದರೆ ಇದರಲ್ಲಿ ನಕಲಿ ಚಿಕಿತ್ಸೆಯ ಗುಂಪು ಇರಲಿಲ್ಲ. ಎಲ್ಲರಿಗೂ ತಮಗೆ ಕರೆಂಟ್ ಸಿಗುತ್ತಿದೆ ಎಂದು ಗೊತ್ತಿತ್ತು.

ಇಲ್ಲಿ ಒಂದು ತರ್ಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಾಳೆ ವೈಯಕ್ತಿಕ ಲೆಕ್ಕದ ಚಿಕಿತ್ಸೆ ನಕಲಿ ಚಿಕಿತ್ಸೆಯನ್ನು ಸೋಲಿಸಿತು ಎಂದುಕೊಳ್ಳೋಣ. ಅದರಿಂದ ಕರೆಂಟ್ ಕೆಲಸ ಮಾಡುತ್ತದೆ ಎಂದು ಗೊತ್ತಾಯಿತು. ವೈಯಕ್ತಿಕ ಲೆಕ್ಕ ಬೇಕಿತ್ತು ಎಂದು ಗೊತ್ತಾಗಲಿಲ್ಲ. ಅದಕ್ಕೆ ಮೂರನೇ ಗುಂಪು ಬೇಕು: ಅಷ್ಟೇ ಕರೆಂಟ್, ಆದರೆ ಎಲ್ಲರಿಗೂ ಒಂದೇ ರೂಢಿಯ ಜಾಗ. ಎರಡೂ ನಿಜವಾದ ಚಿಕಿತ್ಸೆಗಳಾದ್ದರಿಂದ ವ್ಯತ್ಯಾಸ ಚಿಕ್ಕದಿರುತ್ತದೆ, ಜನ ಜಾಸ್ತಿ ಬೇಕಾಗುತ್ತಾರೆ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿಗೆ ಅಷ್ಟು ದೊಡ್ಡ ಪ್ರಯೋಗ ಆಗದು. ಆದರೆ ಮುಗಿದ ಪ್ರಯೋಗಗಳ ಎಂಆರ್‌ಐ ಸಿಕ್ಕರೆ, ಪ್ರತಿ ರೋಗಿಯ ಗುರಿಯಲ್ಲಿ ಎಷ್ಟು ಕ್ಷೇತ್ರ ತಲುಪಿತ್ತು ಎಂದು ಲೆಕ್ಕ ಹಾಕಿ, ಫಿಟ್ಸ್ ಇಳಿಕೆಯ ಜೊತೆ ಹೋಲಿಸಬಹುದು. ಒಳಗಿನ ಡೋಸ್ ಏರಿದಂತೆ ಲಾಭವೂ ಬದಲಾದರೆ ವೈಯಕ್ತಿಕ ಲೆಕ್ಕದ ವಾದಕ್ಕೆ ಬಲ ಬರುತ್ತದೆ. ಇದು ಒಳ್ಳೆಯ, ಮುಗಿಸಬಹುದಾದ ಪ್ರಬಂಧ.

ಎಣಿಕೆಯ ಸಮಸ್ಯೆ ಉಳಿಯಿತು. ಬಹುತೇಕ ಪ್ರಯೋಗಗಳು ರೋಗಿಯ ಡೈರಿಯನ್ನು ನಂಬುತ್ತವೆ. ಜರ್ಮನಿಯ ಬಾನ್‌ನಲ್ಲಿ ವಿಡಿಯೋ ಇಇಜಿ ಜೊತೆ ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಗಳು ಅರ್ಧಕ್ಕಿಂತ ಹೆಚ್ಚು ಫಿಟ್ಸ್ ಬರೆದೇ ಇರಲಿಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಎಷ್ಟೋ ಫಿಟ್ಸ್ ಪ್ರಜ್ಞೆಯನ್ನೂ ನೆನಪನ್ನೂ ಜೊತೆಗೇ ಒಯ್ಯುತ್ತವೆ, ನಿದ್ದೆಯಲ್ಲಿ ಆದದ್ದು ಗೊತ್ತೇ ಆಗುವುದಿಲ್ಲ.

ಇದರ ಜೊತೆಗೆ ಚಕ್ರಗಳೂ ಇವೆ. ಮಿದುಳಿನೊಳಗೆ ಯಂತ್ರ ಇರುವವರ ವರ್ಷಗಟ್ಟಲೆಯ ದಾಖಲೆ ನೋಡಿ ಬೌಡ್ ತಂಡ 2018ರಲ್ಲಿ ತೋರಿಸಿದಂತೆ, ಫಿಟ್ಸ್ ಸಾಧ್ಯತೆ ಹಲವು ದಿನಗಳ ಲಯದಲ್ಲಿ ಏರಿಳಿಯುತ್ತದೆ. ಅನೇಕರಲ್ಲಿ ಆ ಲಯ 20ರಿಂದ 30 ದಿನದ್ದು. ಫಿಟ್ಸ್ ಜಾಸ್ತಿಯಾದಾಗಲೇ ಜನ ಪ್ರಯೋಗಕ್ಕೆ ಸೇರುತ್ತಾರೆ. ಆಮೇಲೆ ಲಯ ತಾನಾಗಿ ಇಳಿದರೂ ಕರೆಂಟ್‌ನಿಂದಲೇ ಇಳಿಯಿತು ಅನ್ನಿಸುತ್ತದೆ. ಚಿಕಿತ್ಸೆಗೆ ಮುಂಚೆ ನಾಲ್ಕು ವಾರ ಎಣಿಸಿದರೆ ಅಂಥವರಲ್ಲಿ ಸಿಗುವುದು ಹೆಚ್ಚುಕಡಿಮೆ ಒಂದು ಸುತ್ತು. ನಿಮ್ಮ ಪ್ರಯೋಗದ ಯೋಜನೆ ಬರೆಯುವಾಗ ಆ ಅವಧಿಯನ್ನು ಕನಿಷ್ಠ ಎರಡು ಸುತ್ತಿನಷ್ಟು, ಅಂದರೆ ಎಂಟು ವಾರದ ಹತ್ತಿರ ಇಟ್ಟುಕೊಳ್ಳಿ.